ಎಂಜಲಿನ ಪರೀಕ್ಷೆ

ಆ ದಿನ ವಿಶ್ವವಿದ್ಯಾಲಯದ ಮಾನವೆಲ್ಲ ಒಂದು ಹನಿ ಎಂಜಲಿನ ಮೇಲೆ ನಿಂತಿತ್ತು. ಅತಿಥಿ ಉಪನ್ಯಾಸಕಿಯಾಗಿ ಸವೆದು, ಕಾಯಂ ಹುದ್ದೆಗಾಗಿ ಸೆಮಿನಾರ್ ಕೊಡಲು ಬಂದಿದ್ದ ಮಂದಾಕಿನಿಯ ಪ್ರೋಗ್ರಾಂ, ಎಂಜಲಿನ ಡಿಎನ್‌ಎ ಓದಿ, ಆ ವ್ಯಕ್ತಿಯ ತಂದೆತಾಯಿ ರಕ್ತಸಂಬಂಧಿಗಳೋ ಅಲ್ಲವೋ ಹೇಳುತ್ತಿತ್ತು. ಅವಳನ್ನು ಕೆಡವಲೆಂದೇ ವಿಭಾಗದ ಮುಖ್ಯಸ್ಥರು ಹೆಸರಿಲ್ಲದ ಒಂದು ಸ್ಯಾಂಪಲ್ ಕಳಿಸಿದ್ದರು.

"ಏನಮ್ಮ, ಏನನ್ನುತ್ತೆ ನಿನ್ನ ಪ್ರೋಗ್ರಾಂ?"

"ತಂದೆತಾಯಿ ನಡುವೆ ಯಾವ ರಕ್ತಸಂಬಂಧವೂ ಇಲ್ಲ, ಸರ್."

ಮುಖ್ಯಸ್ಥರು ಮೇಜು ಕುಟ್ಟಿ ನಕ್ಕರು. "ಸಿಕ್ಕಿಬಿದ್ದೆ ನೋಡು! ಅದು ನನ್ನದೇ ಎಂಜಲು. ನಮ್ಮಮ್ಮ ಮದುವೆಯಾಗಿದ್ದು ಸ್ವಂತ ಸೋದರಮಾವನ್ನ!"

ಬೇರೆ ಯಾರೂ ನಗಲಿಲ್ಲ. ಗೆಲುವಿನ ಅಮಲಿನಲ್ಲಿದ್ದ ಅವರೊಬ್ಬರನ್ನು ಬಿಟ್ಟು ಸಭಾಂಗಣದಲ್ಲಿದ್ದವರಿಗೆಲ್ಲ ಅರ್ಥವಾಗಿತ್ತು: ಪ್ರೋಗ್ರಾಂ ಸರಿಯಿದ್ದರೆ, ಸಾಹೇಬರು ಆ ದಂಪತಿಗೆ ಹುಟ್ಟಿದ ಮಗನಲ್ಲ.

"ಮುಂದಿನ ಪ್ರಶ್ನೆಗೆ ಹೋಗೋಣ ಸರ್," ಎಂದರು ಪಕ್ಕದಲ್ಲಿದ್ದ ಆಯ್ಕೆ ಸಮಿತಿಯ ಪ್ರೊಫೆಸರು.

"ತಡೀರಿ ಸ್ವಾಮಿ, ಅವಳೇ ಬಾಯಿಬಿಟ್ಟು ಹೇಳ್ಲಿ. ತಪ್ಪಿರೋದು ಪ್ರೋಗ್ರಾಮಲ್ಲೋ, ನಮ್ಮನೇಲೋ?"

ಪ್ರೋಗ್ರಾಮಿನಲ್ಲಿ ತಪ್ಪಿಲ್ಲವೆಂದು ಬಲ್ಲ ಮಂದಾಕಿನಿ ಮುಖ್ಯಸ್ಥರ ನರೆತ ತಲೆಯನ್ನೇ ಒಂದು ಗಳಿಗೆ ನೋಡಿದಳು.

"ಪ್ರೋಗ್ರಾಮಲ್ಲಿ, ಸರ್."

ತಪ್ಪು ಪ್ರೋಗ್ರಾಂ ಬರೆದವಳೆಂದು ಅವಳನ್ನು ಕೈಬಿಟ್ಟರು. ಆಯ್ಕೆ ಸಮಿತಿಯವರೆಲ್ಲ ಒಮ್ಮತದಿಂದ ಸಹಿ ಹಾಕಿದರು.