ಹರಳೆಣ್ಣೆ ಮತ್ತು ಅಜ್ಜನ ಹೊಟ್ಟೆ

ಹರಳೆಣ್ಣೆಯ ವಾಸನೆ ಬಂದರೆ ನನಗೆ ಈಗಲೂ ನಗು ಬರುತ್ತದೆ.

ಹರಿಹರದ ನಮ್ಮಜ್ಜನಿಗೆ ಪಾರ್ಕಿನ್‌ಸನ್ ಕಾಯಿಲೆಯಿತ್ತು. ಕೈ ನಡುಗುತ್ತಿತ್ತು, ಮುಖ ಬಿಗಿದುಕೊಂಡು ನಗುವನ್ನೇ ಮರೆತಿತ್ತು. ಒಮ್ಮೆ ಮಲ ಕಟ್ಟಿ ಹೊಟ್ಟೆ ನಗಾರಿಯಂತೆ ಉಬ್ಬಿದಾಗ ಅಜ್ಜಿ ಬಟ್ಟಲು ತುಂಬಾ ಹರಳೆಣ್ಣೆ ಕುಡಿಸಿದಳು. ಅಜ್ಜ ವಾಂತಿ ಮಾಡತೊಡಗಿದ. ಅಪ್ಪ ಅವನನ್ನು ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದರು.

"ಈ ಕಾಯಿಲೇಲಿ ಕರುಳೂ ಮಂದ ಆಗುತ್ರೀ. ಈಗ ತಿರುಚ್ಕೊಂಡೈತೆ, ಆಪರೇಷನ್ ಮಾಡ್ಬೇಕು. ಇನ್ನ ಎಣ್ಣೆ ಕುಡಿಸಬ್ಯಾಡ್ರಿ," ಎಂದರು ಡಾಕ್ಟರು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಪರೇಷನ್ ಆದ ಮೇಲೆ, ಕರುಳು ಮತ್ತೆ ಚಾಲೂ ಆಗಿ ಗಾಳಿ ಹೋಗುವವರೆಗೆ ಗುಟುಕು ನೀರೂ ಕೊಡಬಾರದೆಂದರು. ಊಟಕ್ಕೆ ಕೂತಾಗ ನಾನು ಹೂಸು ಬಿಟ್ಟರೆ "ನಡಿ ಹಿತ್ತಲಿಗೆ" ಎಂದು ಎಬ್ಬಿಸಿ ಕಳಿಸುತ್ತಿದ್ದ ಮನುಷ್ಯ ಅಜ್ಜ. ಈಗ ಮಂಡಕ್ಕಿ ಪೊಟ್ಟಣ ಹಿಡಿದು ನೋಡಲು ಬಂದ ಬೀಗರೆಲ್ಲ ಬಾಗಿಲಲ್ಲೇ ನಿಂತು, "ಗಾಳಿ ಹೋತೇನ್ರೀ?" ಎಂದು ಕೇಳುತ್ತಿದ್ದರು.

ಒಂದು ಮಧ್ಯಾಹ್ನ ನಾನು ಮಂಚದ ಪಕ್ಕ ಕೂತಿದ್ದೆ, ಅಜ್ಜಿ ಅಜ್ಜನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಹೊದಿಕೆಯೊಳಗಿಂದ ಉದ್ದನೆಯ ಸದ್ದೊಂದು ಬಂತು. ಇಡೀ ವಾರ್ಡು ಇತ್ತ ತಿರುಗಿತು.

"ಶಿವನೇ, ಹೋತು!" ಎಂದು ಅಜ್ಜಿ ಅಳುತ್ತಲೇ ಕೈ ಮುಗಿದಳು.

ಅಜ್ಜ ನಿಧಾನವಾಗಿ ನನ್ನ ಕಡೆ ತಿರುಗಿದ. ಮುಖ ಒಂದಿಷ್ಟೂ ಅಲುಗಲಿಲ್ಲ.

"ನಾನೀಗ ಹಿತ್ತಲಿಗೆ ಹೋಗ್ಲೇನು?" ಎಂದ.