ಫ್ರಿಜ್ಜಿನಲ್ಲಿದ್ದ ಕೆರೆ ಮಣ್ಣು

ನಸುಕಿನಲ್ಲಿ ಅಡುಗೆಮನೆಯಿಂದ ತಪ್ ತಪ್ ಎಂಬ ಸಣ್ಣ ಸದ್ದು ಕೇಳಿ ವಿದ್ಯಾವತಿಗೆ ಎಚ್ಚರವಾಯಿತು. ಎದ್ದು ಹೋಗಿ ನೋಡಿದರೆ ಅತ್ತೆ ಮಾಣಿಕಮ್ಮ ನೆಲದ ಮೇಲೆ ಕುಳಿತು ಮಣ್ಣಿನ ಎತ್ತು ಮಾಡುತ್ತಿದ್ದರು. ಪಕ್ಕದಲ್ಲಿ, ಅವಳು ರಾತ್ರಿ ಫ್ರಿಜ್ಜಿನಲ್ಲಿಟ್ಟಿದ್ದ ಗಾಜಿನ ಭರಣಿ ಖಾಲಿಯಾಗಿ ಉರುಳಿತ್ತು.

"ಅತ್ತಿ, ಆ ಮಣ್ಣು..."

"ನೌಕರಿ ಮಾಡೋ ಸೊಸಿಗೆ ಮಣ್ಣೆತ್ತಿನ ಅಮಾಸಿ ಎಲ್ಲಿ ನೆನಪಿರ್ತದ ಅಂತ ತಿಳ್ಕೊಂಡಿದ್ದೆ. ನೀ ನೋಡಿದ್ರ ಕೆರಿ ಮಣ್ಣು ತಂದು, ಒಣಗಬಾರದಂತ ಮೊಸರಿನ ಬಾಜೂಕ ಇಟ್ಟಿ! ಶಾಣ್ಯಾಕಿ ಇದ್ದಿ ಬಿಡವ್ವ."

ಮದುವೆಯಾದಂದಿನಿಂದ ಅತ್ತೆಯ ಬಾಯಲ್ಲಿ ಬಂದ ಮೊದಲ ಹೊಗಳಿಕೆ ಅದು. ವಿದ್ಯಾವತಿ ಉರುಳಿದ್ದ ಭರಣಿಯನ್ನು ಎತ್ತಿ ನಿಲ್ಲಿಸಿದಳು. ಹುಮನಾಬಾದಿನ ಆಚೆ, ಕುಸುಬೆ ಎಣ್ಣೆ ತೆಗೆಯುವ ಕಾರ್ಖಾನೆಯ ಮಗ್ಗುಲಲ್ಲಿರುವ ಕೆರೆಯ ಹೂಳು ಅದರಲ್ಲಿದ್ದುದು. ಎಣ್ಣೆ ಕೆರೆಗಿಳಿಯುತ್ತಿದೆ, ಎಮ್ಮೆಗಳು ನೀರು ಮೂಸಿ ಹಿಂದೆ ಸರಿಯುತ್ತಿವೆ ಎಂದು ಊರವರು ದೂರು ಕೊಟ್ಟಿದ್ದರು. ತಾನು ಕೆಲಸ ಮಾಡುವ ಪ್ರಯೋಗಾಲಯದ ಪರವಾಗಿ ಅವಳೇ ಹೋಗಿ ಪರೀಕ್ಷೆಗೆ ಮಾದರಿ ತೆಗೆದಿದ್ದಳು. ಬಸವಕಲ್ಯಾಣಕ್ಕೆ ಮರಳುವಾಗ ಕತ್ತಲಾಗಿ ಪ್ರಯೋಗಾಲಯ ಮುಚ್ಚಿದ್ದರಿಂದ ಭರಣಿ ಮನೆಗೆ ಬಂದಿತ್ತು. ಅವಳು ಬಸ್ಸು ಹತ್ತುವ ಮೊದಲೇ ಕಾರ್ಖಾನೆಯವರು ಜೆಸಿಬಿ ಇಳಿಸಿ ದಂಡೆಯ ಹೂಳನ್ನೆಲ್ಲ ಬಾಚಿಸಿದ್ದರು. ಇನ್ನೊಮ್ಮೆ ತರಲು ಅಲ್ಲಿ ಏನೂ ಉಳಿದಿರಲಿಲ್ಲ.

ಅವಳು ಒಂದು ಎತ್ತನ್ನು ಎತ್ತಿ ಮೂಸಿದಳು. ಕಾರ್ಖಾನೆಯ ಬಳಿ ಮೂಗಿಗೆ ಬಡಿದಿದ್ದ ಅದೇ ಕುಸುಬೆ ವಾಸನೆ.

"ಅತ್ತಿ, ಮಣ್ಣಿಗೆ ಎಣ್ಣಿ-ಗಿಣ್ಣಿ ಹಾಕೀರೇನ್ರಿ?"

"ಮಣ್ಣಿಗ್ಯಾಕ ಎಣ್ಣಿ ಹಾಕ್ಲಿ? ನಾ ಏನು ಭಜಿ ಮಾಡಾಕತ್ತೇನೇನು?"

ಮಾಣಿಕಮ್ಮ ಸ್ನಾನಕ್ಕೆ ಹೋದಾಗ ವಿದ್ಯಾವತಿ ಹಿಂದಿನ ಸಾಲಿನ ಒಂದು ಎತ್ತನ್ನು ಸೆರಗಿನಲ್ಲಿ ಮುಚ್ಚಿಕೊಂಡು ತನ್ನ ಕೋಣೆಗೆ ಬಂದಳು. ಕಣ್ಣಿಗಿಟ್ಟಿದ್ದ ಜೋಳದ ಕಾಳುಗಳನ್ನು ಉಗುರಿನಿಂದ ಕಿತ್ತು, ಕೋಡು ಮುರಿದು, ಮೈ ಹಿಸುಕಿ ಭರಣಿಗೆ ತುಂಬಿದಳು. ಒಮ್ಮೆ ಮುಚ್ಚಳ ತೆಗೆದ ಮಾದರಿ ಮಾದರಿಯಲ್ಲ. ಹೊಸಬರಿಗೆ ಈ ಪಾಠ ಹೇಳಿಕೊಡುತ್ತಿದ್ದವಳು ಅವಳೇ. ಆದರೆ ಮಣ್ಣು ಅದೇ ತಾನೆ? ಹೊಸ ಸೀಲು ಅಂಟಿಸಿ, ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡುವ ಸಂಜೀವಕುಮಾರರ ಕೈಗೆ ಕೊಟ್ಟಳು. ಅವರು ಸೀಲು ನೋಡಿ ಒಳಗೆ ಒಯ್ದರು.

ಸಂಜೆ ಪಕ್ಕದ ಮನೆಯ ಅಂಬುಬಾಯಿ ಎತ್ತುಗಳನ್ನು ನೋಡಲು ಬಂದಳು. "ಎಷ್ಟು ನುಣ್ಣಗ ಬಂದಾವ್ರೀ ಅಕ್ಕ! ನನ್ನವು ಒಡದು ಜ್ವಾಳದ ರೊಟ್ಟಿಯಂಗ ಆಗ್ಯಾವು."

"ಕೈಗೆ ಕುಸುಬಿ ಎಣ್ಣಿ ಹಚ್ಕೊಂಡು ಮಾಡ್ಬೇಕು ತಂಗಿ," ಮಾಣಿಕಮ್ಮ ಅಂಗೈ ಉಜ್ಜಿ ತೋರಿಸಿದರು. "ಮತ್ತ ಮತ್ತ ಹಚ್ಕೋಬೇಕು. ನಮ್ಮವ್ವ ಕಲಿಸಿದ್ದು."

ದೀಪಕ್ಕೆ ಬತ್ತಿ ಹಾಕುತ್ತಿದ್ದ ವಿದ್ಯಾವತಿ ಅತ್ತೆಯ ಅಂಗೈಯತ್ತ ತಿರುಗಿ ನೋಡಿದಳು. ತಾನು ಕೇಳಿದ್ದು ಮಣ್ಣಿನ ಬಗ್ಗೆ. ಕೈಯ ಬಗ್ಗೆ ಕೇಳಿರಲಿಲ್ಲ. ಅಷ್ಟರಲ್ಲಿ ಮೊಬೈಲು ರಿಂಗಣಿಸಿತು.

"ಮೇಡಂ, ಊರಿನ ಮಂದಿ ಹೇಳಿದ್ದು ಖರೇ ಅದರಿ," ಎಂದರು ಸಂಜೀವಕುಮಾರ. "ಎಣ್ಣಿ ಭಾಳ ಅದ. ನಾಳಿಗೇ ರಿಪೋರ್ಟ್ ಕಳಸ್ತೀನಿ. ನೀವು ಮತ್ತೇನರ ಹೇಳೂದದ ಏನ್ರಿ?"

ಕೆರೆಯಲ್ಲಿ ಎಣ್ಣೆ ಇರಲೂಬಹುದು. ಆ ಭರಣಿಯಲ್ಲಿದ್ದುದು ಯಾವ ಎಣ್ಣೆ ಎಂದು ಇನ್ನು ಯಾರೂ ಹೇಳಲಾರರು.

"ಏನಿಲ್ರಿ ಸರ್," ಎಂದು ಅವಳು ಫೋನಿಟ್ಟಳು.

ಆರತಿ ಮುಗಿಯಿತು. ವಿದ್ಯಾವತಿ ಎತ್ತುಗಳ ಮುಂದೆ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದಳು.

"ಅಷ್ಟೊತ್ತು ಏನು ಬೇಡ್ಕೊಂಡೆವ್ವ?" ಎಂದರು ಮಾಣಿಕಮ್ಮ, ನಗುತ್ತ.

"ಅದನ್ನ ಯಾರ ಮುಂದೂ ಹೇಳಬಾರದಲ್ರಿ ಅತ್ತಿ."