ಚಿಗುರಿನ ಜಾಗ

"ಇದು ಇಳೀಬೇಕಿತ್ತು," ಎಂದ ಡಾಕ್ಟರ್ ಪ್ಯೋ, ವರದಿಯನ್ನು ಮೇಜಿನ ಮೇಲೆ ಹರಡಿ. "ಜ್ವರ ಬಂದ ವರ್ಷ ಆರುನೂರ ನಲವತ್ತು. ಆಮೇಲೆ ಮುನ್ನೂರ ಇಪ್ಪತ್ತು. ಹೋದ ವರ್ಷ ನೂರ ಅರವತ್ತು. ಈಗ ನೋಡಿದ್ರೆ ಸಾವಿರದ ಇನ್ನೂರ ಎಂಬತ್ತು! ಏನ್ ಮಾಡಿದ್ರಿ ಅಜ್ಜಿ?"

"ಏನ್ ಮಾಡ್ಲಿ? ಉಂಡೆ, ಮಲಗಿದೆ. ನನ್ನ ರಕ್ತ ಗಟ್ಟಿ."

ಮೂರು ವರ್ಷದ ಹಿಂದೆ ಜೆಜು ದ್ವೀಪದ ಗುಡ್ಡದಲ್ಲಿ ಜರೀಗಿಡದ ಚಿಗುರು ಕೀಳುವಾಗ ಮುದುಕಿ ಮಾಲ್‌ಸುನ್‌ಗೆ ರಕ್ತ ಹೀರುವ ಉಣುಗು ಕಚ್ಚಿತ್ತು. ಜ್ವರ ಏರಿ ಹನ್ನೊಂದು ದಿನ ಎಚ್ಚರವಿರಲಿಲ್ಲ. ಅಂದಿನಿಂದ ಸಿಯೋಲಿನ ಈ ಡಾಕ್ಟರು ವರ್ಷಕ್ಕೊಮ್ಮೆ ಅವಳ ರಕ್ತ ತೆಗೆದು, ಆ ರೋಗದ ಪ್ರತಿಕಾಯ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದ.

"ಅದು ತಾನಾಗಿ ಏರಲ್ಲ ಅಜ್ಜಿ. ಅದೇ ವೈರಸ್ ಮತ್ತೆ ಒಳಗೆ ಹೋಗಿದೆ. ಅಂದ್ರೆ ಉಣುಗು ಮತ್ತೆ ಕಚ್ಚಿದೆ."

ಸೊಸೆ ಮಿರಾನ್ ಧಡಕ್ಕನೆ ಎದ್ದಳು. "ಅತ್ತೆ! ಗುಡ್ಡಕ್ಕೆ ಹೋಗಲ್ಲ ಅಂತ ನನ್ನ ಕೈ ಹಿಡ್ಕೊಂಡು ಹೇಳಿದ್ರಿ. ಹಿರಿಯರ ಪೂಜೆಗೆ ಇಟ್ಟ ಚಿಗುರು ಸಂತೇದು ಅಂದ್ರಿ!"

"ಸಂತೇದು ಬರೀ ನಾರು. ಸತ್ತೋರೂ ಮುಟ್ಟಲ್ಲ ಅದನ್ನ."

ಡಾಕ್ಟರಿಗೆ ಅವರ ಜಗಳ ಬೇಕಿರಲಿಲ್ಲ, ಜಾಗ ಬೇಕಿತ್ತು. "ನೀವು ತೋರಿಸಿದ ಗುಡ್ಡದಲ್ಲಿ ಮೂರು ವರ್ಷ ಹುಲ್ಲಿನ ಮೇಲೆ ಬಟ್ಟೆ ಎಳೆದು ಉಣುಗು ಹಿಡಿದೆ. ಒಂದರಲ್ಲೂ ವೈರಸ್ ಇಲ್ಲ. ನಿಜವಾದ ಜಾಗ ಯಾವುದು?"

ಮುದುಕಿಯ ಮನೆಯಲ್ಲಿ ಚಿಗುರಿನ ಜಾಗವನ್ನು ಅತ್ತೆ ಸೊಸೆಗೆ ಹೇಳುವುದು ಸಾಯುವ ಮುಂಚೆ, ಒಂದೇ ಸಲ.

"ಆಂಬುಲೆನ್ಸಿಗೆ ಹತ್ತಿಸುವಾಗ್ಲೂ ಹೇಳ್ಲಿಲ್ಲ ಇವ್ರು," ಎಂದಳು ಮಿರಾನ್.

"ನಾನು ಸಾಯಲ್ಲ ಅಂತ ನಂಗೊತ್ತಿತ್ತು ಕಣೇ. ನಿಂಗೇ ಅವಸರ."

"ಅಜ್ಜಿ, ನಿಮ್ಮ ಮೈಗೆ ಆ ವೈರಸ್ಸಿನ ಗುರುತಿತ್ತು, ಈ ಸಲ ಬಚಾವಾದ್ರಿ," ಎಂದ ಡಾಕ್ಟರು. "ನಿಮ್ಮ ಸೊಸೆ ರಕ್ತಾನೂ ನೋಡಿದೀನಿ. ಸೊನ್ನೆ. ನಿಮ್ಮ ನಂತರ ಅಲ್ಲಿಗೆ ಹೋಗೋದು ಇವರೇ ತಾನೆ?"

ಮಾಲ್‌ಸುನ್ ಸೊಸೆಯ ಮುಖ ನೋಡಿದಳು. ಆಮೇಲೆ ಕೈ ಚಾಚಿದಳು. "ಪೆನ್ನು ಕೊಡಪ್ಪ. ಏ ಮಿರಾನ್, ನೀನು ಆಚೆ ನಡಿ."

"ನಾನ್ಯಾಕೆ?"

"ಇವನು ನಾಳೆ ವಿಮಾನ ಹತ್ತಿ ಹೋಗ್ತಾನೆ. ನೀನು ಇಲ್ಲೇ ಇರ್ತೀಯ."

ಸೊಸೆ ಹೊರಗೆ ಹೋಗಿ ಕಿಟಕಿಯ ಗಾಜಿಗೆ ಮೂಗು ಒತ್ತಿದಳು. ಮುದುಕಿ ಒಂದು ಕೈಯಲ್ಲಿ ನಕ್ಷೆ ಬರೆಯುತ್ತಿದ್ದಳು; ಇನ್ನೊಂದು ಕೈಯನ್ನು ಕಾಗದಕ್ಕೆ ಅಡ್ಡ ಹಿಡಿದಿದ್ದಳು.